ಹೊಲಗಳ ನಡುವಿನ ನಾರ್ವೆ: ಡೆಕೋರಾದಿಂದ ಸ್ಟೋಟನ್‌ವರೆಗೆ

ಬುಧವಾರ: ಗುಡ್ಡಗಳ ದಾರಿ

ಮಿನ್ನೆಸೋಟಾದ ರಾಚೆಸ್ಟರ್ ಬಿಟ್ಟು 52ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ನೆಲದ ರೂಪ ಬದಲಾಗುತ್ತದೆ. ಅಲ್ಲಿಯವರೆಗೆ ಮಟ್ಟಸವಾಗಿದ್ದ ಬಯಲು ಏಳುವುದಕ್ಕೆ, ಇಳಿಯುವುದಕ್ಕೆ ಶುರುವಾಗುತ್ತದೆ. ರಸ್ತೆ ಪಕ್ಕದಲ್ಲಿ ಸುಣ್ಣಕಲ್ಲಿನ ಗೋಡೆಗಳು, ಕೆಳಗೆ ತೊರೆ, ಮೇಲೆ ಓಕ್ ಮರದ ಕಾಡು. ಕೊನೆಯ ಹಿಮಯುಗದ ಹಿಮನದಿಗಳು ಸುತ್ತಲಿನ ಸೀಮೆಯನ್ನೆಲ್ಲ ಸವೆಸಿ ಸಮ ಮಾಡಿದಾಗ ಈ ಮೂಲೆ ತಪ್ಪಿಸಿಕೊಂಡಿತಂತೆ. ಇದಕ್ಕೆ ಡ್ರಿಫ್ಟ್‌ಲೆಸ್ ಪ್ರದೇಶ ಎನ್ನುತ್ತಾರೆ. ಮಿನ್ನೆಸೋಟಾ, ಅಯೋವಾ, ವಿಸ್ಕಾನ್ಸಿನ್ ಮೂರೂ ರಾಜ್ಯಗಳು ಸೇರುವ ಕಡೆ ಇದು ಹರಡಿಕೊಂಡಿದೆ. ಅಮೆರಿಕದ ಮಧ್ಯಭಾಗ ಎಂದರೆ ಬರೀ ಚಪ್ಪಟೆ ಜೋಳದ ಹೊಲ ಅಂದುಕೊಂಡವರು ಒಮ್ಮೆ ಈ ದಾರಿಯಲ್ಲಿ ಹೋಗಬೇಕು.

ಅಕ್ಕ, ಭಾವ ರಾಚೆಸ್ಟರ್‌ನಲ್ಲಿ ಇದ್ದಾರೆ. ಅವರ ಮಗಳು ಪುಟ್ಟಿಗೆ ಹನ್ನೊಂದು ವರ್ಷ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಕ್ಕನಿಗೆ ಇದೇ ಒಂದು ಕೊರಗು. ನಾನು ಹೋದ ಮೇ ತಿಂಗಳಲ್ಲಿ "ಎಲ್ಲಿಗಾದರೂ ಹೋಗೋಣ, ನಯಾಗರಾ ಬೇಡ" ಎಂದಾಗ ಭಾವನೇ ಈ ದಾರಿ ಸೂಚಿಸಿದರು. ಅವರ ಆಫೀಸಿನಲ್ಲಿ ಅರ್ಧ ಜನರ ಹೆಸರು ಓಲ್ಸನ್, ಹಾನ್ಸನ್, ಲಾರ್ಸನ್. ನೂರಾ ಐವತ್ತು ವರ್ಷದ ಹಿಂದೆ ನಾರ್ವೆಯಿಂದ ಬಂದವರ ಮರಿಮಕ್ಕಳು. "ಅವರ ಮನೆಗಳಲ್ಲಿ ಏನು ಉಳಿದಿದೆ, ಏನು ಹೋಗಿದೆ ಅಂತ ನೋಡಬೇಕು" ಎಂದರು. ನನಗೂ ಅದೇ ಬೇಕಿತ್ತು.

ಹಾರ್ಮನಿ ಎಂಬ ಊರಿನ ಹತ್ತಿರ ಕುದುರೆ ಗಾಡಿಗಳು ಸಿಕ್ಕವು. ಇಲ್ಲಿ ಕಾರು ಓಡಿಸದ ಆಮಿಷ್ ಎಂಬ ಕ್ರೈಸ್ತ ಪಂಗಡದ ಜನರ ವಸತಿ ಇದೆ. ಏರು ಹತ್ತಿ ಇಳಿಯುವ ತಿರುವಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಎದುರಾಗುತ್ತದೆ, ಹಾಗಾಗಿ ಇಲ್ಲಿ ವೇಗ ಬೇಡ. ಹೊಲಗಳಲ್ಲಿ ಆಗಷ್ಟೇ ಮುಸುಕಿನ ಜೋಳದ ಬಿತ್ತನೆ ನಡೆದಿತ್ತು. ಮನೆಗಳ ಮುಂದೆ ನೇರಳೆ ಬಣ್ಣದ ಲೈಲಾಕ್ ಹೂ. ಮೋಡ ಕವಿದು, ಸಣ್ಣಗೆ ಮಳೆ ಶುರುವಾಗಿ, ಅಯೋವಾ ಗಡಿ ದಾಟುವಾಗ ಜೋರಾಯಿತು.

ಡೆಕೋರಾ ಚಿಕ್ಕ ಊರು. ಅಪ್ಪರ್ ಅಯೋವಾ ನದಿ ಊರನ್ನು ಬಳಸಿಕೊಂಡು ಹರಿಯುತ್ತದೆ. ವಾಟರ್ ಸ್ಟ್ರೀಟ್ ಎಂಬ ಮುಖ್ಯ ಬೀದಿಯಲ್ಲಿ ಹಳೆಯ ಇಟ್ಟಿಗೆ ಕಟ್ಟಡಗಳು. ಅಲ್ಲಲ್ಲಿ ನಾರ್ವೆಯ ಬಾವುಟ. ಊರಿನ ಹೆಸರು ಮಾತ್ರ ನಾರ್ವೆಯದಲ್ಲ. ಹೋ-ಚಂಕ್ ಬುಡಕಟ್ಟಿನ ನಾಯಕ ವಾಕನ್ ಡೆಕೋರಾನ ಹೆಸರು ಅದು. ಆ ಜನರನ್ನು 1848ರಲ್ಲಿ ಇಲ್ಲಿಂದ ಎಬ್ಬಿಸಿ ಉತ್ತರಕ್ಕೆ ಸಾಗಿಸಿದರು. ನಾರ್ವೆಯವರು ಬರತೊಡಗಿದ್ದು 1850ರಿಂದ. ಎರಡು ವರ್ಷದ ಅಂತರ, ಅಷ್ಟೇ. ವಲಸೆ ಬಂದವರ ಕಷ್ಟದ ಕಥೆ ಕೇಳುವಾಗ ಈ ಮಾತನ್ನೂ ಜೊತೆಗೆ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸಿತು.

ಮಳೆ ನಿಂತ ಮೇಲೆ ಡನ್ನಿಂಗ್ಸ್ ಸ್ಪ್ರಿಂಗ್ ನೋಡಲು ಹೋದೆವು. ಬಂಡೆಯ ಬಾಯಿಂದ ಚಿಮ್ಮುವ ನೀರು ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತದೆ. ಕಾರು ನಿಲ್ಲಿಸಿದ ಜಾಗದಿಂದ ಕೆಲವೇ ಹೆಜ್ಜೆ. ಪಾಚಿ ಜಾಸ್ತಿ, ಚಪ್ಪಲಿ ಹಾಕಿಕೊಂಡು ಹೋಗಬೇಡಿ. ರಾತ್ರಿ ಊಟಕ್ಕೆ ಅಕ್ಕ ಮನೆಯಿಂದ ತಂದಿದ್ದ ಪುಳಿಯೋಗರೆ ಇತ್ತು. ವಸತಿಯ ಒಡತಿ ಅದರ ವಾಸನೆಗೆ ಬಂದು ನಿಂತು "ಇದೇನು?" ಎಂದು ಕೇಳಿದರು. ಅಕ್ಕ ಒಂದು ಬಟ್ಟಲು ಕೊಟ್ಟಳು. ಆಕೆ ತಿಂದು, ನೀರು ಕುಡಿದು, ಮತ್ತೆ ತಿಂದರು. ಆಮೇಲೆ ತಾವೇ ಕೂತು ತಮ್ಮ ಅಜ್ಜಿಯ ಕಥೆ ಹೇಳಿದರು. ಅಜ್ಜಿ ಪ್ರತಿ ಕ್ರಿಸ್‌ಮಸ್‌ಗೆ ಲುಟೆಫಿಸ್ಕ್ ಮಾಡುತ್ತಿದ್ದರಂತೆ. ಒಣಗಿಸಿದ ಕಾಡ್ ಮೀನನ್ನು ಕ್ಷಾರದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಮತ್ತೆ ದಿನಗಟ್ಟಲೆ ತೊಳೆದು ಬೇಯಿಸುವ ತಿನಿಸು. ಈಗಲೂ ಅಕ್ಟೋಬರ್, ನವೆಂಬರ್ ಬಂದರೆ ಇಲ್ಲಿನ ಚರ್ಚುಗಳ ನೆಲಮಾಳಿಗೆಯಲ್ಲಿ ಅದರ ಸಾಮೂಹಿಕ ಊಟ ಇರುತ್ತದೆ, ಜನ ಸಾಲುಗಟ್ಟಿ ನಿಲ್ಲುತ್ತಾರೆ. "ಮನೆಯಲ್ಲಿ ನಾರ್ವೇಜಿಯನ್ ಮಾತಾಡುತ್ತಿದ್ದಿರಾ?" ಎಂದು ಭಾವ ಕೇಳಿದರು. "ಅಜ್ಜಿ ತಾತ ನಮಗೆ ತಿಳಿಯಬಾರದ ವಿಷಯ ಇದ್ದಾಗ ಮಾತ್ರ ಮಾತಾಡುತ್ತಿದ್ದರು" ಎಂದರು ಆಕೆ.

ಅಕ್ಕ ಭಾವನ ಮುಖ ನೋಡಿದಳು. ಅವರ ಮನೆಯಲ್ಲೂ ಪುಟ್ಟಿಯ ಹುಟ್ಟುಹಬ್ಬದ ಉಡುಗೊರೆಯ ಮಾತು ತೆಲುಗಿನಲ್ಲಿ ನಡೆಯುತ್ತದೆ.

ಗುರುವಾರ: ಪೆಟ್ಟಿಗೆಗಳು

ಇಡೀ ದಿನ ನಾರ್ವೆಯಿಂದ ವಲಸೆ ಬಂದವರ ಬದುಕು ತೋರಿಸುವ ವೆಸ್ಟರ್‌ಹೈಮ್ ಮ್ಯೂಸಿಯಮ್‌ಗೆ. ಅರ್ಧ ದಿನ ಸಾಕು ಎಂದು ಕೆಲವರು ಹೇಳುತ್ತಾರೆ, ಸಾಲುವುದಿಲ್ಲ. ಊರಿನ ಲೂಥರ್ ಕಾಲೇಜಿನಲ್ಲಿ 1877ರಲ್ಲಿ ಶುರುವಾದ ಸಂಗ್ರಹ ಇದು. ಆಗಿನ್ನೂ ಹಡಗುಗಳಲ್ಲಿ ಜನ ಬರುತ್ತಲೇ ಇದ್ದರು. ಬರುತ್ತಿರುವಾಗಲೇ ತಮ್ಮ ಸಾಮಾನನ್ನು ಕೂಡಿಡಬೇಕು ಎಂದು ಯೋಚಿಸಿದವರ ಬುದ್ಧಿ ದೊಡ್ಡದು.

ಒಳಗೆ ಹೋದ ಕೂಡಲೆ ಕಾಲು ನಿಲ್ಲುವುದು ವಲಸೆ ಪೆಟ್ಟಿಗೆಗಳ ಮುಂದೆ. ಗುಂಡು ಮುಚ್ಚಳ, ಕಬ್ಬಿಣದ ಪಟ್ಟಿ, ಮೇಲೆ ಬಣ್ಣದಲ್ಲಿ ಯಜಮಾನನ ಹೆಸರು, ಇಸವಿ, ಬಳ್ಳಿ, ಹೂ. ಹಾಯಿ ಹಡಗಿನ ಕಾಲದಲ್ಲಿ ಸಮುದ್ರದ ಮೇಲೆ ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಊಟ ಪ್ರಯಾಣಿಕರೇ ತರಬೇಕು. ತಿಂಗಳುಗಟ್ಟಲೆ ಕೆಡದ ತೆಳ್ಳನೆಯ ಒಣ ರೊಟ್ಟಿ, ಉಪ್ಪು ಹಾಕಿದ ಮಾಂಸ, ಒಣ ಮೀನು, ಚೀಸ್. ಉಳಿದ ಜಾಗದಲ್ಲಿ ಉಣ್ಣೆ ಹೊದಿಕೆ, ಬೈಬಲ್ಲು, ಉಪಕರಣ, ಕೆಲವೊಮ್ಮೆ ಪಿಟೀಲು. ಒಂದು ಮನೆತನ ತನ್ನ ಊರಿನಿಂದ ತೆಗೆದುಕೊಂಡು ಹೋಗಬಹುದಾದದ್ದು ಇಷ್ಟೇ. ಪುಟ್ಟಿ ಒಂದು ಪೆಟ್ಟಿಗೆಯ ಉದ್ದವನ್ನು ಗೇಣಿನಲ್ಲಿ ಅಳೆಯಲು ನೋಡಿದಳು. ಗಾಜು ಅಡ್ಡ ಬಂತು.

ಇವರ ವಲಸೆಯ ಲೆಕ್ಕ 1825ರಿಂದ ಶುರು. ಆ ವರ್ಷ ಜುಲೈ 4ರಂದು ರೆಸ್ಟೊರೇಷನ್ ಎಂಬ ಪುಟ್ಟ ಹಡಗು ಸ್ಟಾವಾಂಗರ್ ಬಂದರಿನಿಂದ 52 ಜನರೊಂದಿಗೆ ಹೊರಟಿತು. ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ತಲುಪಿದಾಗ 53 ಜನ ಇದ್ದರು, ದಾರಿಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತ್ತು. ಮುಂದಿನ ನೂರು ವರ್ಷದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ನಾರ್ವೆ ಬಿಟ್ಟರು. ಜನಸಂಖ್ಯೆಗೆ ಹೋಲಿಸಿದರೆ ಯುರೋಪಿನಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಕಳಿಸಿದ ದೇಶ ಐರ್ಲೆಂಡ್ ಒಂದೇ. ಕಾರಣ ಸರಳ. ನಾರ್ವೆಯಲ್ಲಿ ಉಳುವುದಕ್ಕೆ ಆಗುವ ನೆಲ ನೂರಕ್ಕೆ ಮೂರು ಪಾಲು. ಹಿರಿ ಮಗನಿಗೆ ಹೊಲ, ಉಳಿದವರಿಗೆ ಕೂಲಿ. ಇಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಬಂದ ಮೇಲೆ ಒಬ್ಬ ಬಡ ಜೀತಗಾರನ ಮಗನಿಗೂ 160 ಎಕರೆ ಸಿಗುವ ದಾರಿ ತೆರೆಯಿತು.

ಒಳಗೆ ಒಂದು ದೋಣಿ ಇದೆ. ಟ್ರೇಡ್‌ವಿಂಡ್ ಅದರ ಹೆಸರು. 1933ರಲ್ಲಿ ಇಬ್ಬರು ಅಣ್ಣತಮ್ಮಂದಿರು ಷಿಕಾಗೋ ಜಾಗತಿಕ ಮೇಳಕ್ಕೆಂದು ನಾರ್ವೆಯಿಂದ ಅಟ್ಲಾಂಟಿಕ್ ದಾಟಿ ಇದರಲ್ಲೇ ಬಂದರು. ಉದ್ದ 25 ಅಡಿ. ಅದರ ಪಕ್ಕ ನಿಂತಾಗ ಎದೆ ಸ್ವಲ್ಪ ನಡುಗುತ್ತದೆ. ಇನ್ನೊಂದು ಕಡೆ ಮಿನ್ನೆಸೋಟಾದ ಬೆನ್ಸನ್ ಊರಿನ ರೈತ ಲಾರ್ಸ್ ಕ್ರಿಸ್ಟೆನ್ಸನ್ ಮರದಲ್ಲಿ ಕೆತ್ತಿದ ಚರ್ಚಿನ ಪೂಜಾಪೀಠ. ಬೇಸಾಯದ ನಡುವೆ, ಚಳಿಗಾಲದ ಬಿಡುವಿನಲ್ಲಿ ಇಂಥದ್ದನ್ನು ಮಾಡಲು ಎಷ್ಟು ತಾಳ್ಮೆ ಬೇಕು!

ಹೊರಗಡೆ ಹಳೆಯ ಮರದ ದಿಮ್ಮಿಯ ಮನೆಗಳನ್ನು ತಂದು ನಿಲ್ಲಿಸಿದ್ದಾರೆ. ಅದರಲ್ಲಿ ಎಗ್ಗೆ ಕುಟುಂಬದ ಮನೆ ಒಂದೇ ಕೋಣೆಯದು. 1853ರ ಚಳಿಗಾಲದಲ್ಲಿ ನಾರ್ವೆಯಿಂದ ಹೊಸದಾಗಿ ಬಂದ ಪಾದ್ರಿ ವಿಲ್ಹೆಲ್ಮ್ ಕೋರೆನ್ ಮತ್ತು ಅವರ ಹೆಂಡತಿ ಎಲಿಸಬೆತ್‌ಗೆ ಇರಲು ಮನೆ ಇರಲಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದ ಎಗ್ಗೆ ಮನೆಯವರು ಅದೇ ಕೋಣೆಯಲ್ಲಿ ಜಾಗ ಕೊಟ್ಟರು. ನಡುವೆ ಒಂದು ಪರದೆ. ಎಲಿಸಬೆತ್ ದಿನಚರಿ ಬರೆಯುತ್ತಿದ್ದರು, ಅದು ಉಳಿದಿದೆ. ಅದರಿಂದಲೇ ಆ ಚಳಿಗಾಲ ಹೇಗಿತ್ತು ಎಂದು ಈಗಿನವರಿಗೆ ಗೊತ್ತಾಗಿದೆ. ಅಕ್ಕ ಆ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಅವಳು ಮೊದಲ ಸಲ ಅಮೆರಿಕಕ್ಕೆ ಬಂದಾಗ ಎರಡು ಸಂಸಾರ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದದ್ದು ನನಗೂ ಗೊತ್ತು.

ಮಧ್ಯಾಹ್ನ ಜಾನಪದ ಕಲಾ ಶಾಲೆಯ ಕಡೆ ಇಣುಕಿದೆವು. ರೋಸ್‌ಮಾಲಿಂಗ್ ಎಂಬ ಬಳ್ಳಿ ಚಿತ್ತಾರದ ತರಗತಿ ನಡೆಯುತ್ತಿತ್ತು. ಮರದ ತಟ್ಟೆ, ಬಟ್ಟಲು, ಪೆಟ್ಟಿಗೆಗಳ ಮೇಲೆ ಬರೆಯುವ ಕಲೆ. ಟೆಲೆಮಾರ್ಕ್, ಹಾಲಿಂಗ್‌ಡಾಲ್, ರೋಗಲ್ಯಾಂಡ್ ಎಂದು ಕಣಿವೆಗೊಂದು ಶೈಲಿ. ವಲಸೆ ಬಂದವರ ಎರಡನೇ ತಲೆಮಾರಿಗೆ ಇದು ಮರೆತೇ ಹೋಗಿತ್ತು. ಮ್ಯೂಸಿಯಮ್‌ನವರು 1967ರಲ್ಲಿ ನಾರ್ವೆಯಿಂದ ಸಿಗ್ಮಂಡ್ ಆರ್ಸೆತ್ ಎಂಬ ಕಲಾವಿದನನ್ನು ಕರೆಸಿ ಕಲಿಸಲು ಶುರು ಮಾಡಿದರು. ಈಗ ಇಲ್ಲಿ ಕಲಿತವರೇ ಕಲಿಸುತ್ತಾರೆ. ಬಿಡುವಿನ ಹೊತ್ತಿನಲ್ಲಿ ಅಲ್ಲಿದ್ದ ಹಿರಿಯ ಹೆಂಗಸು ಪುಟ್ಟಿಯನ್ನು ಕೂರಿಸಿಕೊಂಡು ಕುಂಚ ಕೊಟ್ಟರು. ಮೊಣಕೈ ಎತ್ತಿ, ಕಿರುಬೆರಳನ್ನು ಮಾತ್ರ ಊರಿ, ಒಂದೇ ಉಸಿರಿಗೆ ಗೀಟು ಎಳೆಯಬೇಕು. ನಡುವೆ ನಿಲ್ಲಿಸಿದರೆ ಬಣ್ಣದಲ್ಲಿ ಗೊತ್ತಾಗುತ್ತದೆ. ಪುಟ್ಟಿಯ ಕೈ ಕ್ರಮೇಣ ಸಡಿಲವಾಗಿ ಒಂದು ಬಾಗಿದ ಎಲೆ ಬಂತು. ಆ ಕಾಗದವನ್ನು ಕಾರಿನಲ್ಲಿ ಯಾರಿಗೂ ಮುಟ್ಟಲು ಬಿಡಲಿಲ್ಲ.

ಭಾಷೆಯ ಕಥೆ ಮಾತ್ರ ಬೇರೆ. ಇದೇ ಊರಿನಿಂದ ಡೆಕೋರಾ-ಪೋಸ್ಟನ್ ಎಂಬ ನಾರ್ವೇಜಿಯನ್ ಪತ್ರಿಕೆ 1874ರಿಂದ 1972ರವರೆಗೆ ಹೊರಟಿತು. ಸುಮಾರು ನೂರು ವರ್ಷ! ಪರದೇಶದಲ್ಲಿ ಒಂದು ಭಾಷೆಯ ಪತ್ರಿಕೆ ಅಷ್ಟು ಕಾಲ ನಡೆದದ್ದು ಸಣ್ಣ ಮಾತಲ್ಲ. ಏಟು ಬಿದ್ದದ್ದು ಮೊದಲ ಮಹಾಯುದ್ಧದಲ್ಲಿ. 1918ರ ಮೇನಲ್ಲಿ ಅಯೋವಾದ ರಾಜ್ಯಪಾಲ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದ. ಶಾಲೆಯಲ್ಲಿ, ಸಭೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು. ಇಂಗ್ಲಿಷ್ ಬಾರದವರು ಪ್ರಾರ್ಥನೆಯನ್ನು ಮನೆಯಲ್ಲೇ ಮಾಡಿಕೊಳ್ಳಲಿ. ಗುರಿ ಜರ್ಮನ್ ಆಗಿತ್ತು, ಆದರೆ ನಾರ್ವೇಜಿಯನ್, ಡ್ಯಾನಿಶ್, ಚೆಕ್ ಎಲ್ಲಕ್ಕೂ ಬಿತ್ತು. ಯುದ್ಧ ಮುಗಿದ ಮೇಲೆ ಘೋಷಣೆ ಹೋಯಿತು, ಹೆದರಿಕೆ ಉಳಿಯಿತು. ಇದನ್ನು ವಿವರಿಸಿದ ಮ್ಯೂಸಿಯಮ್ ಸ್ವಯಂಸೇವಕರೊಬ್ಬರು ತಮ್ಮ ತಂದೆ ಆ ಕಾಲದ ಹುಡುಗ ಎಂದರು. ತಂದೆ ಸಾಯುವವರೆಗೂ ಬೀದಿಯಲ್ಲಿ ನಾರ್ವೇಜಿಯನ್ ಮಾತಾಡಲಿಲ್ಲವಂತೆ, ಕೊಟ್ಟಿಗೆಯಲ್ಲಿ ಹಸುಗಳ ಹತ್ತಿರ ಮಾತ್ರ ಮಾತಾಡುತ್ತಿದ್ದರಂತೆ. ಕೇಳಿ ನನಗೆ ಸಿಟ್ಟು ಬಂತು. ಈಗಲೂ ನೆನೆದರೆ ಬರುತ್ತದೆ.

ಶುಕ್ರವಾರ: ಸೋಡಾ, ಪಂಕ್ಚರ್, ಹೊಗೆಸೊಪ್ಪು

ಬೆಳಿಗ್ಗೆ ಮತ್ತೆ ಮಿನ್ನೆಸೋಟಾಕ್ಕೆ ದಾಟಿ ಸ್ಪ್ರಿಂಗ್ ಗ್ರೋವ್. 1852ರಲ್ಲಿ ಶುರುವಾದ ಈ ಊರು ಮಿನ್ನೆಸೋಟಾದ ಮೊದಲ ನಾರ್ವೇಜಿಯನ್ ನೆಲೆ. ಇಲ್ಲಿ 1895ರಿಂದ ಸೋಡಾ ತಯಾರಾಗುತ್ತದೆ. ಗಾಜಿನ ಬಾಟಲಿ, ಕಬ್ಬಿನ ಸಕ್ಕರೆ, ಬಗೆಬಗೆಯ ಬಣ್ಣ. ನಾನು ನಿಂಬೆಯ ಹುಳಿಯದ್ದು ಕುಡಿದೆ, ಪುಟ್ಟಿ ಸ್ಟ್ರಾಬೆರಿ. ದಾರಿಗೆಂದು ಅರ್ಧ ಡಜನ್ ತೆಗೆದುಕೊಳ್ಳಿ, ಮುಂದೆ ಅಂಗಡಿ ಕಡಿಮೆ.

ಈ ಊರಿನ ರೈತ ಪೀಟರ್ ಜೂಲಿಯಸ್ ರೋಸೆಂಡಾಲ್ 1918ರಿಂದ 1935ರವರೆಗೆ ಡೆಕೋರಾ-ಪೋಸ್ಟನ್‌ಗೆ ಓಲಾ ಮತ್ತು ಪೇರ್ ಎಂಬ ಇಬ್ಬರು ವಲಸೆಗಾರರ ಚಿತ್ರಕಥೆ ಬರೆದುಕೊಟ್ಟ. ಹೊಸ ಯಂತ್ರ ತಂದು ಅನಾಹುತ ಮಾಡಿಕೊಳ್ಳುವ ಪೇರ್, ನೆಲಕ್ಕೆ ಕಾಲೂರಿ ನಿಂತ ಓಲಾ. ಮಾತು ಹಳ್ಳಿ ನಾರ್ವೇಜಿಯನ್, ನಡುನಡುವೆ ಇಂಗ್ಲಿಷ್ ಪದಗಳು. ಜನ ನಿಜಕ್ಕೂ ಮಾತಾಡುತ್ತಿದ್ದ ಹಾಗೆಯೇ ಬರೆದದ್ದರಿಂದ ಅದು ಮನೆಮನೆಗೆ ಹೋಯಿತು. ಪತ್ರಿಕೆಯನ್ನು ಅದಕ್ಕಾಗಿಯೇ ತರಿಸುತ್ತಿದ್ದವರು ಇದ್ದರು ಎಂದು ಸೋಡಾ ಕೊಟ್ಟ ಹುಡುಗ ಹೇಳಿದ.

ಲಾ ಕ್ರಾಸ್‌ನಲ್ಲಿ ಮಿಸಿಸಿಪ್ಪಿ ದಾಟಿದೆವು. ಹೊಳೆ ಕವಲು ಕವಲಾಗಿ, ನಡುವೆ ಮರಗಳ ದ್ವೀಪಗಳು, ಆಚೆ ಕಡಿದಾದ ಗುಡ್ಡ. ಅಲ್ಲಿಂದ ಮುಂದೆ ವಿಸ್ಕಾನ್ಸಿನ್. ಕೂನ್ ವ್ಯಾಲಿಯ ಇಳಿಜಾರುಗಳಲ್ಲಿ ಹೊಲಗಳು ಗುಡ್ಡದ ಸೊಂಟಕ್ಕೆ ಪಟ್ಟಿ ಪಟ್ಟಿಯಾಗಿ ಸುತ್ತಿವೆ. ಒಂದು ಪಟ್ಟಿ ಜೋಳ, ಒಂದು ಪಟ್ಟಿ ಹುಲ್ಲು. ಇದು ಬರೀ ಅಂದಕ್ಕಲ್ಲ. ಮೊದಲು ಬಂದವರು ಗುಡ್ಡವನ್ನು ಮೇಲಿಂದ ಕೆಳಗೆ ಉತ್ತು, ದನ ಮೇಯಿಸಿ, 1930ರ ಹೊತ್ತಿಗೆ ಮಣ್ಣೆಲ್ಲ ಕೊಚ್ಚಿ ಹೋಗಿತ್ತು. 1933ರಲ್ಲಿ ಅಮೆರಿಕದ ಮೊದಲ ಜಲಾನಯನ ಮಣ್ಣು ಸಂರಕ್ಷಣೆಯ ಕೆಲಸ ಶುರುವಾದದ್ದು ಇದೇ ಕಣಿವೆಯಲ್ಲಿ. ಸರ್ಕಾರಿ ಶಿಬಿರದ ಹುಡುಗರು ಗಿಡ ನೆಟ್ಟರು, ಬೇಲಿ ಕಟ್ಟಿದರು. ಹೆಚ್ಚಿನವರು ನಾರ್ವೆ ಮೂಲದವರೇ ಆಗಿದ್ದ ಇಲ್ಲಿನ ರೈತರು ತಮ್ಮ ಹೊಲದ ಗೆರೆಗಳನ್ನೇ ಬದಲಿಸಲು ಒಪ್ಪಿದರು. ಒಬ್ಬ ರೈತನಿಗೆ ಅಪ್ಪ ಉತ್ತ ದಿಕ್ಕನ್ನು ಬಿಡುವುದು ಎಷ್ಟು ಕಷ್ಟ ಎಂದು ಬೇಸಾಯದ ಮನೆಯಿಂದ ಬಂದ ನನಗೆ ಗೊತ್ತು.

ನಾರ್ಸ್ಕೆಡಾಲೆನ್ ಎಂಬ ಹಳೆಯ ಮನೆಗಳ ತೋಟ ನೋಡಿಕೊಂಡು ಒಳರಸ್ತೆ ಹಿಡಿದಾಗ ಜಲ್ಲಿ ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ಈ ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಹೊರಡುವ ಮೊದಲೇ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಮೋಡ ಮತ್ತೆ ಕಪ್ಪಾಗುತ್ತಿತ್ತು. ಭಾವ ಜಾಕ್ ತೆಗೆಯುತ್ತಿದ್ದಾಗ ಒಂದು ಪಿಕಪ್ ಬಂದು ನಿಂತಿತು. ಎಪ್ಪತ್ತು ದಾಟಿದ ರೈತ. ಹೆಚ್ಚು ಮಾತಿಲ್ಲ. ಇಳಿದವರೇ ತಮ್ಮ ದೊಡ್ಡ ಜಾಕ್ ತಂದರು. ಟೈರು ಬದಲಾಗುವಷ್ಟರಲ್ಲಿ ಮಳೆ ಹೊಡೆಯಿತು. "ಬನ್ನಿ" ಎಂದು ತಮ್ಮ ಹೊಲದ ಅಂಚಿನಲ್ಲಿದ್ದ ಉದ್ದನೆಯ ಶೆಡ್ಡಿಗೆ ಕರೆದುಕೊಂಡು ಹೋದರು.

ಶೆಡ್ಡಿನ ಗೋಡೆಯ ಹಲಗೆಗಳಲ್ಲಿ ಕೆಲವು ಕಿಟಕಿಯ ಹಾಗೆ ತೆರೆದುಕೊಳ್ಳುತ್ತಿದ್ದವು. ಒಳಗೆ ತಲೆಯ ಮೇಲೆ ಅಂತಸ್ತು ಅಂತಸ್ತಾಗಿ ಅಡ್ಡ ಗಳುಗಳು. ಮೂಗಿಗೆ ಬಡಿದ ವಾಸನೆ ನನಗೆ ಚೆನ್ನಾಗಿ ಗೊತ್ತಿದ್ದದ್ದು. "ಹೊಗೆಸೊಪ್ಪು ಅಲ್ವಾ?" ಎಂದು ಕನ್ನಡದಲ್ಲೇ ಬಾಯಿಗೆ ಬಂತು. ನಮ್ಮದು ಹುಣಸೂರಿನ ಕಡೆ. ನಮ್ಮಪ್ಪ ಲೈಸೆನ್ಸು ಇದ್ದ ಬೆಳೆಗಾರ. ನಮ್ಮಲ್ಲಿ ಬ್ಯಾರನ್ ಎಂಬ ಸೊಪ್ಪಿನ ಮನೆಯಲ್ಲಿ ಸೌದೆ ಉರಿಸಿ, ರಾತ್ರಿಯೆಲ್ಲ ಎದ್ದು ಕಾವು ನೋಡಿಕೊಂಡು ಸೊಪ್ಪು ಬೇಯಿಸುತ್ತಾರೆ. ಇಲ್ಲಿ ಬೆಂಕಿಯಿಲ್ಲ. ಇಡೀ ಗಿಡವನ್ನು ಕೋಲಿಗೆ ಚುಚ್ಚಿ ನೇತುಹಾಕಿ, ಹಲಗೆ ತೆರೆದು ಮುಚ್ಚಿ, ಗಾಳಿಯಲ್ಲೇ ಒಣಗಿಸುತ್ತಾರೆ. ಚಳಿಗಾಲದಲ್ಲಿ ತೇವದ ದಿನ ಬಂದು ಎಲೆ ಮೆದುವಾದಾಗ ಇಳಿಸಿ ಬಿಡಿಸುತ್ತಾರೆ. ವಿಸ್ಕಾನ್ಸಿನ್‌ನಲ್ಲಿ ಹೊಗೆಸೊಪ್ಪು ನಾರ್ವೆಯವರ ಬೆಳೆ ಎಂದೇ ಹೆಸರಾಗಿತ್ತು. ಅವರ ಹಳೆಯ ಊರಿನಲ್ಲಿ ಅದನ್ನು ಬೆಳೆಯುತ್ತಿರಲಿಲ್ಲ, ಇಲ್ಲಿ ಬಂದು ಕಲಿತರು. ಸಣ್ಣ ಹೊಲ, ಮನೆಮಂದಿಯೆಲ್ಲ ದುಡಿಯುವ ಬೆಳೆ, ಕೈಗೆ ನಗದು. ಹುಣಸೂರಿನಲ್ಲಿ ಜನ ಅದಕ್ಕೆ ಅಂಟಿಕೊಂಡದ್ದಕ್ಕೂ ಇದೇ ಕಾರಣ. 2004ರಲ್ಲಿ ಸರ್ಕಾರ ಯಾರು ಎಷ್ಟು ಬೆಳೆಯಬಹುದು ಎನ್ನುವ ಕೋಟಾ ವ್ಯವಸ್ಥೆ ಕೊನೆಗೊಳಿಸಿದ ಮೇಲೆ ತಾವು ಬಿಟ್ಟುಬಿಟ್ಟೆ ಎಂದರು ರೈತ. ಶೆಡ್ಡು ಮಾತ್ರ ಕೆಡವಲು ಮನಸ್ಸು ಬಂದಿಲ್ಲ.

ಮಳೆ ನಿಲ್ಲುವವರೆಗೂ ಇಬ್ಬರೂ ಎಲೆ ಮುರಿಯುವ ಹೊತ್ತು, ಕೈಗೆ ಅಂಟುವ ಜಿಡ್ಡು, ಬೆಲೆ ಬಿದ್ದ ವರ್ಷಗಳ ಬಗ್ಗೆ ಮಾತಾಡಿದೆವು. ಅಕ್ಕ ಕೋಡುಬಳೆ ಡಬ್ಬ ತೆಗೆದಳು. ಅವರು ಟೋಪಿ ತೆಗೆದು, ಒಂದು ಕ್ಷಣ ಕಣ್ಣು ಮುಚ್ಚಿ, ನಾರ್ವೇಜಿಯನ್‌ನಲ್ಲಿ ಊಟದ ಪ್ರಾರ್ಥನೆ ಹೇಳಿ ಬಾಯಿಗಿಟ್ಟುಕೊಂಡರು. ಯೇಸುವಿನ ಹೆಸರಿನಲ್ಲಿ ಊಟಕ್ಕೆ ಕೂರುತ್ತೇವೆ ಎಂದು ಶುರುವಾಗುವ ಹಳೆಯ ಪ್ರಾರ್ಥನೆ. "ನನಗೆ ಬರುವುದು ಇಷ್ಟೇ" ಎಂದರು. "ಅಪ್ಪ ಅಮ್ಮ ಪೂರ್ತಿ ಮಾತಾಡುತ್ತಿದ್ದರು. ನನಗೆ ಕೇಳಿದರೆ ಅರ್ಥ ಆಗುತ್ತಿತ್ತು. ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಿದ್ದೆ. ಅಪ್ಪ ಹೋದರು, ಅಮ್ಮ ಹೋದರು, ಕೇಳುವುದಕ್ಕೂ ಯಾರೂ ಇಲ್ಲ."

ಪುಟ್ಟಿ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ.

ಕೂನ್ ವ್ಯಾಲಿ, ವೆಸ್ಟ್‌ಬಿ ಸುತ್ತಲಿನ ಈ ಜಾಗ ಭಾಷೆ ಓದುವವರಿಗೆ ಚಿರಪರಿಚಿತ. ನಾರ್ವೆಯ ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಜನ ಇಲ್ಲಿ ಒಟ್ಟಾಗಿ ನೆಲೆಸಿದ್ದರಿಂದ ಅವರ ಆಡುಮಾತು ಮೂರು ನಾಲ್ಕು ತಲೆಮಾರು ಬಾಳಿತು. ಅಯೋವಾದಲ್ಲೇ ಹುಟ್ಟಿದ ಭಾಷಾವಿಜ್ಞಾನಿ ಐನಾರ್ ಹೌಗೆನ್ 1930, 40ರ ದಶಕಗಳಲ್ಲಿ ಇಂಥ ಹಳ್ಳಿಗಳನ್ನು ಸುತ್ತಿ ಜನರ ಮಾತನ್ನು ದಾಖಲಿಸಿದರು. ಇತ್ತೀಚೆಗೆ ನಾರ್ವೆಯ ಸಂಶೋಧಕರೂ ಬಂದು ಕೊನೆಯ ಮಾತುಗಾರರ ಮಾತನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದಾರೆ.

ರಾತ್ರಿ ವಿರೋಕ್ವಾದಲ್ಲಿ ತಂಗಿದೆವು. ಟೈರು ಅಂಗಡಿ ಅಲ್ಲೇ ಇದೆ.

ಶನಿವಾರ: ಮರಳಿ ಹೋದ ಕಟ್ಟಡ, ಆಲೂಗಡ್ಡೆ ರೊಟ್ಟಿ

ಮೌಂಟ್ ಹೋರೆಬ್ ಮುಖ್ಯ ಬೀದಿಯಲ್ಲಿ ನಾರ್ವೆಯ ಜನಪದ ಕಥೆಗಳಲ್ಲಿ ಬರುವ ಟ್ರೋಲ್ ಎಂಬ ರಾಕ್ಷಸರ, ಮರದಲ್ಲಿ ಕೆತ್ತಿದ ಬೊಂಬೆಗಳು ಸಾಲಾಗಿ ನಿಂತಿವೆ. ಮಕ್ಕಳಿಗೆ ಖುಷಿ. ನನಗೆ ಹೆಚ್ಚು ಕಾಡಿದ್ದು ಹತ್ತಿರದ ಬ್ಲೂ ಮೌಂಡ್ಸ್ ಕಣಿವೆಯ ಕಟ್ಟಡವೊಂದರ ಕಥೆ. 1893ರ ಷಿಕಾಗೋ ಮೇಳಕ್ಕೆಂದು ನಾರ್ವೆಯ ಓರ್ಕ್‌ಡಾಲ್ ಎಂಬಲ್ಲಿ ಹಳೆಯ ಮರದ ಚರ್ಚಿನ ಮಾದರಿಯಲ್ಲಿ ಒಂದು ಕಟ್ಟಡ ಮಾಡಿ ಕಳಿಸಿದರು. ಮೇಳ ಮುಗಿದ ಮೇಲೆ ಕೈಯಿಂದ ಕೈಗೆ ಹೋಗಿ 1935ರಲ್ಲಿ ಲಿಟಲ್ ನಾರ್ವೆ ಎಂಬ ಇಲ್ಲಿನ ಖಾಸಗಿ ಮ್ಯೂಸಿಯಮ್ ಸೇರಿತು. ಅದು 2012ರಲ್ಲಿ ಮುಚ್ಚಿತು. ಆಗ ಓರ್ಕ್‌ಡಾಲ್‌ನ ಜನ ಬಂದು, 2015ರಲ್ಲಿ ಕಟ್ಟಡವನ್ನು ತುಂಡು ತುಂಡಾಗಿ ಬಿಚ್ಚಿ, ತುಂಬಿಕೊಂಡು, ತಮ್ಮೂರಿಗೆ ತೆಗೆದುಕೊಂಡು ಹೋಗಿ ಮತ್ತೆ ನಿಲ್ಲಿಸಿದರು. ಹಾಗೆ ಬಂದು ಕಟ್ಟಿದವರಲ್ಲಿ ಅದನ್ನು ಮೊದಲು ಕೆತ್ತಿದವರ ವಂಶಸ್ಥರೂ ಇದ್ದರು.

ಮಧ್ಯಾಹ್ನ ಸ್ಟೋಟನ್ ತಲುಪಿದೆವು. ನಾರ್ವೆಯ ಸಂವಿಧಾನ ಅಂಗೀಕಾರವಾದದ್ದು 1814ರ ಮೇ 17ರಂದು. ಆ ದಿನದ ಆಸುಪಾಸಿನ ವಾರಾಂತ್ಯದಲ್ಲಿ ಇಲ್ಲಿ ಸಿಟೆಂಡೆ ಮೈ, ಅಂದರೆ ಮೇ ಹದಿನೇಳರ ಹಬ್ಬ. ಊರಿಗೂರೇ ಬೀದಿಯಲ್ಲಿ ಇರುತ್ತದೆ. ಇಲ್ಲಿ ಕೋಣೆ ಸಿಗುವುದು ಕಷ್ಟ, ಮ್ಯಾಡಿಸನ್‌ನಲ್ಲಿ ಉಳಿದುಕೊಂಡರೆ ವಾಸಿ. ಕಾರನ್ನು ಊರ ಹೊರಗೇ ಬಿಟ್ಟು ನಡೆದು ಬರಬೇಕು.

ಈ ಊರಿನಲ್ಲಿ ಗಾಡಿ ಕಾರ್ಖಾನೆ ಇತ್ತು. ಅಲ್ಲಿ ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ ಪೇರ್ ಲೀಸ್ನೆ 1907ರಲ್ಲಿ ನಾರ್ವೆಯಿಂದ ಬಂದವನು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಹೋದಾಗ ಅಪ್ಪನಿಂದ ಕಲಿತಿದ್ದ ರೋಸ್‌ಮಾಲಿಂಗ್ ಅನ್ನೇ ಹಿಡಿದ. ಅವನ ತಟ್ಟೆಗಳಿಂದಲೇ ಆ ಕಲೆಗೆ ಅಮೆರಿಕದಲ್ಲಿ ಮರುಹುಟ್ಟು. ಹೊಗೆಸೊಪ್ಪಿನ ಗೋದಾಮುಗಳೂ ಇದ್ದವು. ಅಲ್ಲಿ ಎಲೆ ವಿಂಗಡಿಸಲು ಬರುತ್ತಿದ್ದ ನಾರ್ವೇಜಿಯನ್ ಹೆಂಗಸರು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮನೆಗೆ ಹೋಗಿ ಮಕ್ಕಳನ್ನು ನೋಡಿ ಕಾಫಿ ಕುಡಿದು ಬರಲು ಬಿಡುವು ಕೊಟ್ಟರೆ ಮಾತ್ರ ಬರುತ್ತೇವೆ ಎಂದರಂತೆ. ಕಾಫಿ ಬ್ರೇಕ್ ಹುಟ್ಟಿದ್ದೇ ಹೀಗೆ, ಇಲ್ಲೇ, ಎಂದು ಊರಿನವರು ಹೇಳುತ್ತಾರೆ.

ಚರ್ಚಿನ ಹೆಂಗಸರ ಮಳಿಗೆಯಲ್ಲಿ ಲೆಫ್ಸೆ ಬೇಯುತ್ತಿತ್ತು. ಆಲೂಗಡ್ಡೆಯ ತೆಳು ರೊಟ್ಟಿ. ಬೇಯಿಸಿದ ಗಡ್ಡೆಯನ್ನು ಬಿಸಿಯಿದ್ದಾಗಲೇ ಹಿಸುಕಿ, ಬೆಣ್ಣೆ, ಕೆನೆ, ಉಪ್ಪು ಬೆರೆಸಿ, ರಾತ್ರಿಯೆಲ್ಲ ತಣ್ಣಗೆ ಇಡಬೇಕು. ಹಿಟ್ಟು ಬೆರೆಸುವುದು ಲಟ್ಟಿಸುವ ಹೊತ್ತಿಗೆ ಮಾತ್ರ. ಮೊದಲೇ ಬೆರೆಸಿದರೆ ನೀರು ಬಿಟ್ಟು ಅಂಟುತ್ತದೆ. ಗೀರುಗಳಿರುವ ಲಟ್ಟಣಿಗೆ, ಬಟ್ಟೆ ಹಾಸಿದ ದುಂಡು ಹಲಗೆ, ಎತ್ತಲು ಉದ್ದನೆಯ ಚಪ್ಪಟೆ ಕೋಲು. ಅಕ್ಕ ಕೇಳಿ ಕೇಳಿ ಬರೆದುಕೊಂಡಳು. ತಿನ್ನುವುದು ಬೆಣ್ಣೆ, ಸಕ್ಕರೆ ಸವರಿ ಸುತ್ತಿ. ಪುಟ್ಟಿ ಒಂದಕ್ಕೆ ಬೆಣ್ಣೆಯ ಜೊತೆ ನಮ್ಮ ಚಟ್ನಿಪುಡಿ ಉದುರಿಸಿದಳು. ಸೊಗಸಾಗಿತ್ತು. ಹುಳಿ ಕೆನೆಯ ಗಂಜಿ ರೊಮ್ಮೆಗ್ರೋಟ್ ಕೂಡ ಸಿಕ್ಕಿತು, ಮೇಲೆ ತೇಲುವ ತುಪ್ಪ, ದಾಲ್ಚಿನ್ನಿ. ಸಸ್ಯಾಹಾರಿಗಳಿಗೆ ಈ ಹಬ್ಬದಲ್ಲಿ ಉಪವಾಸವಿಲ್ಲ.

ಭಾನುವಾರ: ಕುಣಿತ

ಮೆರವಣಿಗೆಗೆ ಬಿಸಿಲು ಬಂತು. ಬಿಳಿ ಅಂಗಿ, ಕಸೂತಿಯ ರವಿಕೆ, ಬೆಳ್ಳಿ ಗುಂಡಿಯ ಬುನಾದ್ ಎಂಬ ಸಾಂಪ್ರದಾಯಿಕ ಉಡುಪು ಉಟ್ಟ ಅಜ್ಜಿಯರು, ತಳ್ಳುಗಾಡಿಯಲ್ಲಿ ಮಕ್ಕಳು, ಪಿಟೀಲು, ಬ್ಯಾಂಡು. ಇಲ್ಲಿನ ಹೈಸ್ಕೂಲಿನ ಮಕ್ಕಳ ನೃತ್ಯ ತಂಡ 1953ರಿಂದ ಇದೆ. ಹುಡುಗಿ ಕುರ್ಚಿಯ ಮೇಲೆ ನಿಂತು ಕೋಲಿನ ತುದಿಗೆ ಟೋಪಿ ಹಿಡಿಯುತ್ತಾಳೆ. ಹುಡುಗ ಸುತ್ತಿ ಸುತ್ತಿ ಎಗರಿ ಕಾಲಿನಿಂದ ಅದನ್ನು ಒದೆಯುತ್ತಾನೆ. ಬೀದಿಯೆಲ್ಲ ಕೂಗು.

ನಮ್ಮ ಪಕ್ಕದಲ್ಲಿ ನಿಂತ ತಾಯಿಯೊಬ್ಬರ ಮಗಳು ತಂಡದಲ್ಲಿದ್ದಳು. ಅವರ ಮನೆಯವರು ಮೆಕ್ಸಿಕೋದಿಂದ ಬಂದವರು, ಮನೆಯಲ್ಲಿ ಸ್ಪ್ಯಾನಿಷ್. "ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡಿದರೆ ನಾನು ಉತ್ತರ ಕೊಡುವುದಿಲ್ಲ, ಇಲ್ಲಿ ನಾರ್ವೆಯ ಕುಣಿತಕ್ಕೆ ಚಪ್ಪಾಳೆ ಹೊಡೆಯುತ್ತೇನೆ" ಎಂದರು ಆಕೆ. ಅಕ್ಕ ಅವರ ಹತ್ತಿರ ಬಹಳ ಹೊತ್ತು ಮಾತಾಡಿದಳು.

ವಾಪಸು ದಾರಿ ನಾಲ್ಕು ಗಂಟೆಯದು, ಹೆದ್ದಾರಿ, ಹೇಳುವಂಥದ್ದಿಲ್ಲ. ಕಾರಿನಲ್ಲಿ ಅಕ್ಕನಿಗೂ ಭಾವನಿಗೂ ವಾದ ನಡೆಯಿತು. ಕನ್ನಡ ಕೂಟದಲ್ಲಿ ಮಕ್ಕಳಿಗೆ ಭಾಷಣ ಸ್ಪರ್ಧೆ ಬೇಡ, ಅಡುಗೆಮನೆಯಲ್ಲಿ ಕೂರಿಸಿ ಒಬ್ಬಟ್ಟು ತಟ್ಟಿಸೋಣ ಎಂದಳು ಅಕ್ಕ. ಭಾವ ಒಪ್ಪಲಿಲ್ಲ. "ಒಬ್ಬಟ್ಟು ಉಳಿಯುತ್ತೆ, ಕನ್ನಡ ಹೋಗುತ್ತೆ. ಇವರಿಗೆ ಪತ್ರಿಕೆ ಇತ್ತು, ಚರ್ಚಿತ್ತು, ಅಕ್ಕಪಕ್ಕದ ಹೊಲದವರೆಲ್ಲ ಒಂದೇ ಮಾತಿನವರು. ಆದರೂ ಆ ರೈತನಿಗೆ ಉಳಿದದ್ದು ಏನು, ನೋಡಿದೆಯಲ್ಲ" ಎಂದರು. ನನಗೆ ಭಾವನ ಮಾತೇ ಸರಿ ಎನ್ನಿಸಿತು. ರೊಟ್ಟಿಯನ್ನು ನೋಡಿ ಕಲಿಯಬಹುದು, ಚಿತ್ತಾರವನ್ನು ಐವತ್ತು ವರ್ಷ ಬಿಟ್ಟು ಮತ್ತೆ ಎತ್ತಿಕೊಳ್ಳಬಹುದು. ಮಾತಿಗೆ ಎದುರಿಗೆ ಒಬ್ಬರು ಬೇಕು, ಅದೂ ದಿನಾ ಬೇಕು.

ಊರಿಗೆ ಬಂದ ಮೇಲೆ ಶನಿವಾರ ರಾತ್ರಿ ಎಂಟಕ್ಕೆ ನಾನೂ ಪುಟ್ಟಿಯೂ ಫೋನಿನಲ್ಲಿ ಕೂರುತ್ತೇವೆ. ಅವಳಿಗೆ ಅದು ಬೆಳಿಗ್ಗೆ ಒಂಬತ್ತೂವರೆ. ಇಂಗ್ಲಿಷಿನಲ್ಲಿ ಹೇಳಿದರೆ ನಾನು ಉತ್ತರ ಕೊಡುವುದಿಲ್ಲ. ಹೋದ ವಾರ ಅವಳು, "ಮಾಮ, ನಿಮ್ಮ ಬ್ಯಾರನ್ ಒಳಗೆ ಎಷ್ಟು ಬಿಸಿ ಇರುತ್ತೆ?" ಎಂದು ಕೇಳಿದಳು. ಅಪ್ಪನಿಗೆ ಫೋನು ಕೊಟ್ಟೆ. ಅವರು ಮುಕ್ಕಾಲು ಗಂಟೆ ಬಿಡಲೇ ಇಲ್ಲ.